ಈ ಫೋಟೋ ಬಳ್ಳಾರಿಯ ಯಾವ ಬೀದಿ? ಹಳಬರು ಸ್ವಲ್ಪ ನೋಡಿ ಹೇಳಿ

ಬ್ರೂಸ್‌ಪೇಟೆ ಹುಡುಗ
ಎಲ್ಲರಿಗೂ ನಮಸ್ಕಾರ. ಬ್ರೂಸ್‌ಪೇಟೆಯ ನಮ್ಮ ಹಳೇ ಮನೆ ಕೆಡವುತ್ತಿದ್ದೇವೆ. ಅಟ್ಟ ಖಾಲಿ ಮಾಡುವಾಗ ತಾತನ ಟ್ರಂಕಿನಲ್ಲಿ ಒಂದು ಬಿಸ್ಕತ್ ಡಬ್ಬಿ ತುಂಬ ಫೋಟೋ ಸಿಕ್ಕಿವೆ. ಜಾಸ್ತಿ ಮದುವೆ, ನಾಮಕರಣದವು. ಒಂದು ಮಾತ್ರ ಬೀದಿಯದು.

ಕಪ್ಪು ಬಿಳುಪು, ಅಂಗೈ ಅಗಲ ಇದೆ. ಸುತ್ತ ಬಿಳಿ ಅಂಚು, ಅದನ್ನು ಅಲೆ ಅಲೆಯಾಗಿ ಕತ್ತರಿಸಿದ್ದಾರೆ. ಬೀದಿ ಮಧ್ಯೆ ಜಟಕಾ, ಎಡಕ್ಕೆ ಕಟ್ಟೆ ಇರುವ ಮನೆಗಳು, ಬಲಕ್ಕೆ ಒಂದು ಕಾಫಿ ಹೋಟೆಲ್. ಮೂಲೆಯಲ್ಲಿ ಒಂದು ಕಾರಿನ ಹಿಂಭಾಗ. ಎಲ್ಲದರ ಹಿಂದೆ ಗುಡ್ಡ. ಫೋಟೋ ಹಿಂದೆ ಸ್ಟುಡಿಯೋ ಸೀಲು ಪೂರ್ತಿ ಅಳಿಸಿದೆ. ಪೆನ್ಸಿಲ್ಲಿನಲ್ಲಿ ತೆಲುಗಿನಲ್ಲಿ ‘ಇಂಟಿ ಮುಂದು’ ಅಂತ ಬರೆದಿದ್ದಾರೆ. ಯಾರ ಮನೆ ಮುಂದೆ ಅಂತ ಬರೆದಿಲ್ಲ. ನಮ್ಮ ಮನೆ ಮುಂದಂತೂ ಅಲ್ಲ.

ಅಮ್ಮ ತೇರು ಬೀದಿ ಅಂತಾರೆ, ದೊಡ್ಡಪ್ಪ ಕೌಲ್ ಬಜಾರ್ ಅಂತಾರೆ. ಇಬ್ಬರೂ ಊಟ ಬಿಟ್ಟು ವಾದ ಮಾಡ್ತಿದ್ದಾರೆ. ನೀವೇ ತೀರ್ಮಾನ ಹೇಳಿ.

ಮಿರ್ಚಿ ಒಗ್ಗರಣೆ
ತೇರು ಬೀದಿ. ಕಣ್ಣು ಮುಚ್ಚಿಕೊಂಡು ಹೇಳ್ತೀನಿ.

ಕೌಲ್‌ಬಜಾರ್ ಮಾಮ
ಕಣ್ಣು ತೆರೆದು ನೋಡಪ್ಪ. ತೇರು ಬೀದಿ ಅಂದಮೇಲೆ ಕೋಟೆ ಮಲ್ಲೇಶ್ವರನ ತೇರು ಹೋಗಬೇಕು ತಾನೇ? ಈ ಬೀದಿಯಲ್ಲಿ ಜಟಕಾ ತಿರುಗಿಸೋದೇ ಕಷ್ಟ. ಇದು ಕೌಲ್ ಬಜಾರ್. ಕಾಫಿ ಹೋಟೆಲ್ ಮುಂದಿನ ತಗಡಿನ ಚಪ್ಪರ ನೋಡಿ, ಅಂಥದ್ದು ನಮ್ಮ ಕಡೆ ಬೇಕಾದಷ್ಟು ಇದ್ದವು.

ಮಿರ್ಚಿ ಒಗ್ಗರಣೆ
ಮಾಮ, ತಗಡಿನ ಚಪ್ಪರ ಇಡೀ ಬಳ್ಳಾರಿಯಲ್ಲಿದೆ. ನಮ್ಮ ಬಿಸಿಲಿಗೆ ಚಪ್ಪರ ಇಲ್ಲದ ಅಂಗಡಿ ಯಾವುದು ಹೇಳಿ?

ಗುಡ್ಡದ ಕೆಳಗೆ
ಚಪ್ಪರ, ಕಟ್ಟೆ ಎಲ್ಲ ಆಮೇಲೆ. ಮೊದಲು ಗುಡ್ಡ ಯಾವುದು ಅಂತ ತೀರ್ಮಾನ ಮಾಡಿ. ಮನೆ ಬದಲಾಗುತ್ತೆ, ಬೋರ್ಡ್ ಬದಲಾಗುತ್ತೆ, ಬಂಡೆ ಎಲ್ಲಿಗೂ ಹೋಗಲ್ಲ.

ನಮ್ಮೂರಲ್ಲಿ ಇರೋದು ಎರಡು ದೊಡ್ಡ ಗುಡ್ಡ. ಬಳ್ಳಾರಿ ಗುಡ್ಡದ ಮೇಲೆ ಕೋಟೆ ಇದೆ. ಕುಂಬಾರ ಗುಡ್ಡದ ಮೇಲೆ ಕೋಟೆ ಇಲ್ಲ, ಎತ್ತರ ಮಾತ್ರ ಜಾಸ್ತಿ. ಆಗ್ನೇಯ ದಿಕ್ಕಿನಿಂದ ನೋಡಿದರೆ ಕುಂಬಾರ ಗುಡ್ಡ ಮನುಷ್ಯನ ಮುಖದ ಥರ ಕಾಣುತ್ತೆ, ಹಣೆ, ಮೂಗು, ಗದ್ದ ಎಲ್ಲಾ. ಅದಕ್ಕೇ ಇಂಗ್ಲಿಷಿನವರು ಅದಕ್ಕೆ ಫೇಸ್ ಹಿಲ್ ಅಂತ ಹೆಸರಿಟ್ಟರು.

ಹುಡುಗ, ಗುಡ್ಡದ ಭಾಗ ಮಾತ್ರ ದೊಡ್ಡದು ಮಾಡಿ ಹಾಕು. ಮೊಬೈಲಲ್ಲಿ ಫೋಟೋದ ಫೋಟೋ ತೆಗೆಯಬೇಡ. ಸ್ಕ್ಯಾನರಿನಲ್ಲಿ ಇಟ್ಟು ಕಡಿಮೆ ಅಂದರೂ 600 ಡಿಪಿಐ ಇಟ್ಟುಕೋ.

ಬ್ರೂಸ್‌ಪೇಟೆ ಹುಡುಗ
ಸ್ಕ್ಯಾನ್ ಮಾಡಿಸಿ ಹಾಕಿದೀನಿ ಅಣ್ಣ. 1200 ಇಟ್ಟಿದ್ದಾರೆ. ಗುಡ್ಡದ ನೆತ್ತಿ ಮೇಲೆ ಸಣ್ಣ ಗೆರೆ ಕಾಣುತ್ತೆ, ಹಲ್ಲು ಹಲ್ಲಾಗಿ. ಅದು ಗೋಡೆನಾ ಅಥವಾ ಕಾಗದದ ಗೀಚಾ?

ಗುಡ್ಡದ ಕೆಳಗೆ
ಗೀಚಾದರೆ ನೆಟ್ಟಗೆ ಹೋಗುತ್ತೆ. ಇದು ಬಂಡೆ ಬಾಗಿದಂತೆ ಬಾಗಿದೆ. ಕೋಟೆ ಗೋಡೆನೇ. ಬಳ್ಳಾರಿ ಗುಡ್ಡ.

ಅಲ್ಲೀಪುರ ಅಕ್ಕ
ಕೋಟೆ ವಿಷಯ ಬಂತಲ್ಲ, ಆ ಕಥೆ ಹೇಳದೆ ಇರೋಕಾಗಲ್ಲ. ಮೇಲಿನ ಕೋಟೆ ಹಂಡೆ ಹನುಮಪ್ಪ ನಾಯಕನದು. ಕೆಳಗಿನ ಕೋಟೆ ಕಟ್ಟಿಸಿದ್ದು ಹೈದರ್ ಅಲಿ, ಒಬ್ಬ ಫ್ರೆಂಚ್ ಎಂಜಿನಿಯರ್ ಕೈಯಲ್ಲಿ. ಎಲ್ಲಾ ಮುಗಿದ ಮೇಲೆ ನೋಡಿದರೆ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ! ಅಲ್ಲಿ ಫಿರಂಗಿ ಇಟ್ಟರೆ ಕೋಟೆ ಕಥೆ ಮುಗೀತು. ಹೈದರ್‌ಗೆ ಸಿಟ್ಟು ಬಂದು ಎಂಜಿನಿಯರನ್ನು ಕೋಟೆ ಬಾಗಿಲಲ್ಲೇ ನೇಣಿಗೆ ಹಾಕಿಸಿದನಂತೆ. ನಮ್ಮವ್ವ ಪ್ರತಿ ಸಲ ಆ ಕಡೆ ಹೋದಾಗಲೂ ಹೇಳೋರು.

ಮೋಕಾ ರೋಡ್
ನಮ್ಮೂರಲ್ಲಿ ಕಾಮಗಾರಿ ಸರಿ ಮಾಡದವರಿಗೆ ಶಿಕ್ಷೆ ಆದ ಕೊನೇ ಉದಾಹರಣೆ ಅದೇ ಇರಬೇಕು.

ರೈಲು ಹುಚ್ಚ
ಅದು ದಂತಕಥೆ ಅಕ್ಕ. ‘ಅಂತೆ’ ಅಂತ ಹೇಳಿ ಸರಿಯಾಗಿಯೇ ಹೇಳಿದ್ರಿ, ಆದರೆ ಜನ ‘ಅಂತೆ’ ಬಿಟ್ಟು ಇತಿಹಾಸ ಅಂತ ಫಾರ್ವರ್ಡ್ ಮಾಡ್ತಾರೆ.

ಅಲ್ಲೀಪುರ ಅಕ್ಕ
ಮಾಡಲಿ ಬಿಡಿ. ಕಥೆ ಚೆನ್ನಾಗಿದೆ.

ಹೊಸಪೇಟೆ ಮಂದಿ
ಹಾಗೇ ಕೇಳ್ತೀನಿ, ಬ್ರೂಸ್‌ಪೇಟೆ ಅನ್ನೋ ಹೆಸರು ರಾಬರ್ಟ್ ಬ್ರೂಸ್ ಫೂಟ್ ಅವರದ್ದೇ ಅಲ್ವಾ? ಸಂಗನಕಲ್ಲಿನ ಕಲ್ಲಿನ ಆಯುಧಗಳ ಬಗ್ಗೆ ಕೆಲಸ ಮಾಡಿದವರು?

ಗುಡ್ಡದ ಕೆಳಗೆ
ಅಲ್ಲ. ಇದನ್ನು ಬಹಳ ಜನ ಹಾಗೇ ತಿಳಿದಿದ್ದಾರೆ. ಫೂಟ್ ಹುಟ್ಟಿದ್ದೇ 1834ರಲ್ಲಿ. ಪೇಟೆಯ ಹೆಸರು ಪೀಟರ್ ಬ್ರೂಸ್ ಅನ್ನುವ ಜಡ್ಜ್‌ನಿಂದ ಬಂದದ್ದು, ಅವರು ಇಲ್ಲಿದ್ದದ್ದು 1806ರಿಂದ 1820. ಆಗಿನ್ನೂ ಈ ಸೀಮೆ ಇಂಗ್ಲಿಷರ ಕೈಗೆ ಹೊಸದಾಗಿ ಬಂದಿತ್ತು. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ, ಮನ್ರೋ ಮೊದಲ ಪ್ರಿನ್ಸಿಪಲ್ ಕಲೆಕ್ಟರ್. ಪಕ್ಕದ ಮಿಲ್ಲರ್‌ಪೇಟೆ ಕೂಡ ಮೆಲ್ಲರ್ ಅನ್ನೋ ಕರ್ನಲ್ ಹೆಸರು, ಬಾಯಲ್ಲಿ ಬಾಯಲ್ಲಿ ಮಿಲ್ಲರ್ ಆಯಿತು.

ಫೂಟ್ ಹೆಸರಿನಲ್ಲಿ ಇರೋದು ಮ್ಯೂಸಿಯಂ. ಒಂದು ಸಲ ಹೋಗಿ ನೋಡಿ, ಕಲ್ಲಿನ ಕೊಡಲಿಗಳನ್ನು ಕಣ್ಣಳತೆಯಲ್ಲೇ ಇಟ್ಟಿದ್ದಾರೆ.

ಕ್ಯಾಮೆರಾ ಕಾಕಾ
ಜಾಗದ ಜೊತೆ ಇಸವಿಯನ್ನೂ ಹಿಡೀರಿ. ನಾನು ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯೋ ಹೈಪೋ ದ್ರಾವಣದ ವಾಸನೆ ಕುಡಿದು ಬೆಳೆದವನು. ಅಲೆ ಅಂಚಿನ ಪ್ರಿಂಟು 1940ರಿಂದ 60ರ ದಶಕದವರೆಗೆ ಬಹಳ ನಡೀತಿತ್ತು. ಅಂಚು ಕತ್ತರಿಸೋಕೇ ಒಂದು ಸಣ್ಣ ಯಂತ್ರ ಇರ್ತಿತ್ತು, ಹಿಡಿ ಒತ್ತಿದರೆ ಕರಕ್ ಅಂತ ಸದ್ದು. ನೆಗೆಟಿವ್ ಇದ್ದಷ್ಟೇ ಅಳತೆಯ ಪ್ರಿಂಟು ಅನ್ನಿಸುತ್ತೆ, ಅಂದರೆ ಎನ್‌ಲಾರ್ಜ್ ಮಾಡಿಲ್ಲ. ಡಬ್ಬಿಯಲ್ಲಿ ನೆಗೆಟಿವ್ ಇದೆಯಾ ನೋಡಪ್ಪ, ಪಾರದರ್ಶಕ ಲಕೋಟೆಯಲ್ಲಿ ಇಡ್ತಿದ್ದರು.

ಸಿರಿಗನ್ನಡ ಬಳ್ಳಾರಿ
ಹೋಟೆಲ್ ಬೋರ್ಡ್ ತೆಲುಗಿನಲ್ಲಿದೆ. ಅಂದರೆ 1953ಕ್ಕೆ ಮುಂಚೆ, ನಾವು ಮದ್ರಾಸಿನ ಕೆಳಗಿದ್ದಾಗಿನದು. ಅಕ್ಟೋಬರ್ 1ಕ್ಕೆ ಮೈಸೂರು ಸೇರಿದ ಮೇಲೆ ಕನ್ನಡ ಬಂತು.

ಮಿರ್ಚಿ ಒಗ್ಗರಣೆ
ಅಕ್ಟೋಬರ್ 1ಕ್ಕೆ ಸೇರಿದ್ವಿ, ಅಕ್ಟೋಬರ್ 2ಕ್ಕೆ ಎಲ್ಲಾ ಹೋಟೆಲಿನವರೂ ಏಣಿ ಹಾಕಿ ಬೋರ್ಡ್ ಬರೆದರಾ? ಇವತ್ತಿಗೂ ನಮ್ಮನೇಲಿ ಅಪ್ಪ ಲೆಕ್ಕ ಮಾಡೋದು ತೆಲುಗಿನಲ್ಲಿ, ಜಗಳ ಮಾಡೋದು ಕನ್ನಡದಲ್ಲಿ.

ಸಿರಿಗನ್ನಡ ಬಳ್ಳಾರಿ
ಆ ಏಕೀಕರಣಕ್ಕೆ ಎಷ್ಟು ಜನ ಒದ್ದಾಡಿದ್ದಾರೆ ಗೊತ್ತಾ? ಆದವಾನಿ, ಆಲೂರು, ರಾಯದುರ್ಗ ಆಂಧ್ರದ ಕಡೆ ಹೋದವು. ಬಳ್ಳಾರಿ ಉಳಿಯಿತು. ಅದನ್ನು ತಮಾಷೆ ಮಾಡಬೇಡಿ.

ಮಿರ್ಚಿ ಒಗ್ಗರಣೆ
ತಮಾಷೆ ಏಕೀಕರಣದ ಬಗ್ಗೆ ಅಲ್ಲ ಸರ್, ಬೋರ್ಡಿನ ಬಗ್ಗೆ. ಬಳ್ಳಾರಿ ರಾಘವ ಯಾರು? ತೆಲುಗು ರಂಗಭೂಮಿಯ ದೊಡ್ಡ ನಟ. ಅವರ ಹೆಸರಿನ ಕಲಾಮಂದಿರದಲ್ಲಿ ನಾವು ಕನ್ನಡ ನಾಟಕ ನೋಡಿದೀವಿ. ನಮ್ಮೂರು ಇರೋದೇ ಹಾಗೆ.

ನಿರ್ವಾಹಕ
ಭಾಷೆ ಜಗಳಕ್ಕೆ ಬೇರೆ ಎಳೆ ಇದೆ. ಇಲ್ಲಿ ಫೋಟೋ.

ರೈಲು ಹುಚ್ಚ
ಇಸವಿ ಹಿಡಿಯೋಕೆ ಒಂದು ಸರಳ ದಾರಿ ಇದೆ. ಫೋಟೋದಲ್ಲಿ ಹಳೇ ವಸ್ತು ಹುಡುಕಬೇಡಿ, ಎಲ್ಲಕ್ಕಿಂತ ಹೊಸದು ಯಾವುದು ಅಂತ ಹುಡುಕಿ. ಜಟಕಾ ನೋಡಿ ಮೋಸ ಹೋಗೋರೇ ಜಾಸ್ತಿ. ಜಟಕಾ ನಾನು ಚಿಕ್ಕವನಿದ್ದಾಗಲೂ ಸ್ಟೇಷನ್ ಮುಂದೆ ನಿಲ್ತಿತ್ತು. ಅದು ಇದ್ದ ಮಾತ್ರಕ್ಕೆ ಸ್ವಾತಂತ್ರ್ಯಕ್ಕೆ ಮುಂಚಿನದು ಆಗಲ್ಲ.

ಬೋರ್ಡಿನಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಗಾಡಿ ನಂಬರ್ ಕೆಎ-34 ಅಂತಿದ್ದರೆ ಸುಮಾರು 1989ರ ನಂತರ. ಸರ್ಕಾರಿ ಬೋರ್ಡಿನಲ್ಲಿ ‘ಕರ್ನಾಟಕ’ ಇದ್ದರೆ 1973ರ ನವೆಂಬರ್ ನಂತರ. ರೈಲು ಹಳಿ ಮೀಟರ್ ಗೇಜ್ ಆಗಿದ್ದರೆ ಬ್ರಾಡ್ ಗೇಜ್ ಆಗೋಕೆ ಮುಂಚೆ, ಅಂದರೆ 90ರ ದಶಕಕ್ಕೆ ಹಿಂದಿನದು. ‘ಬಳ್ಳಾರಿ’ ಅಂತ ಇಂಗ್ಲಿಷಿನಲ್ಲೂ ಈಗಿನ ಕಾಗುಣಿತ ಇದ್ದರೆ 2014ರ ನವೆಂಬರ್ ನಂತರದ್ದು, ಅದನ್ನು ಇಲ್ಲಿ ಹಾಕಿ ‘ಹಳೇ ನೆನಪು’ ಅನ್ನಬೇಡಿ.

ಸ್ಟೇಷನ್ ಅಂದಾಗ ನೆನಪಾಯಿತು. 1921ರಲ್ಲಿ ಗಾಂಧೀಜಿ ಬಳ್ಳಾರಿಗೆ ಬಂದಾಗ ಸ್ಟೇಷನ್ನಿನಲ್ಲೇ ತಂಗಿದ್ದರು. ಆ ದಿನದ ಒಂದು ಫೋಟೋ ಯಾರ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ಹಾಕ್ರಪ್ಪ. ಅದಕ್ಕೋಸ್ಕರ ಇಂಥ ಎಳೆಗಳನ್ನೆಲ್ಲ ಓದ್ತಾ ಕೂತಿರ್ತೀನಿ.

ಬ್ರೂಸ್‌ಪೇಟೆ ಹುಡುಗ
ನೆಗೆಟಿವ್ ಸಿಗಲಿಲ್ಲ ಕಾಕಾ. ಸಿಕ್ಕಿದ್ದು ಬೆಳ್ಳಿ ಹುಳು. ದೊಡ್ಡದು ಮಾಡಿ ನೋಡಿದಾಗ ಹೋಟೆಲ್ ಬಾಗಿಲ ಪಕ್ಕ ಹಲಗೆಯಲ್ಲಿ ರೇಟು ಕಾಣುತ್ತೆ. ಕಾಫಿ ಮುಂದೆ ‘2 ಅಣಾ’ ಅಂತ ತೆಲುಗಿನಲ್ಲಿ ಇದೆ, ಅಮ್ಮ ಓದಿ ಹೇಳಿದರು.

ಸಿರಿಗನ್ನಡ ಬಳ್ಳಾರಿ
ನೋಡಿ! ಆಣೆ ಲೆಕ್ಕ 1957ರ ಏಪ್ರಿಲ್‌ಗೆ ಮುಗೀತು. ಆಮೇಲೆ ನಯೇ ಪೈಸೆ. ನಾನು ಹೇಳಿದ್ದೇ ಸರಿ.

ರೈಲು ಹುಚ್ಚ
57ಕ್ಕೆ ಮುಂಚೆ ಅಂತ ಬೇಕಾದರೆ ವಾದ ಮಾಡಿ, 53ಕ್ಕೆ ಮುಂಚೆ ಅಂತ ಹೇಗಾಗುತ್ತೆ? ಅದೂ ಅಲ್ಲದೆ ಬಣ್ಣದಲ್ಲಿ ಬರೆದ ಹಲಗೆ, ಎಷ್ಟು ವರ್ಷ ಹಾಗೇ ಇತ್ತೋ. ನಮ್ಮಜ್ಜಿ ಸಾಯೋವರೆಗೂ ನಾಲ್ಕಾಣೆ, ಎಂಟಾಣೆ ಅಂತಲೇ ಹೇಳೋರು. ಕಾರು ನೋಡಿ, ಕಾರು!

ಕೌಲ್‌ಬಜಾರ್ ಮಾಮ
ಕಾರು ಲ್ಯಾಂಡ್‌ಮಾಸ್ಟರ್.

ಕ್ಯಾಮೆರಾ ಕಾಕಾ
ಅಂಬಾಸಿಡರ್. ಹಿಂದಿನ ದೀಪದ ಹತ್ತಿರ ತಗಡು ಸಣ್ಣಗೆ ರೆಕ್ಕೆ ಎದ್ದ ಹಾಗಿದೆ, ಲ್ಯಾಂಡ್‌ಮಾಸ್ಟರ್‌ಗೆ ಅದು ಇರಲಿಲ್ಲ. ಲ್ಯಾಂಡ್‌ಮಾಸ್ಟರ್ ಹಿಂಭಾಗ ದುಂಡಗೆ ಇಳಿದು ಹೋಗುತ್ತೆ. ಅಂಬಾಸಿಡರ್ ಬಂದದ್ದು 57, 58ರ ಸುಮಾರಿಗೆ. ಅದು ಬಳ್ಳಾರಿಯ ಬೀದಿಗೆ ಬರೋಕೆ ಇನ್ನಷ್ಟು ಕಾಲ ಬೇಕು. 1958ರಿಂದ 65ರೊಳಗೆ ಅಂತ ಇಟ್ಟುಕೊಳ್ಳಿ. ಹೋಟೆಲಿನವನು ಹಲಗೆ ಬದಲಿಸಿಲ್ಲ ಅಷ್ಟೆ, ಎರಡಾಣೆಗೆ ಹನ್ನೆರಡು ಪೈಸೆ ಇಸ್ಕೊಂಡಿರ್ತಾನೆ.

ಮೋಕಾ ರೋಡ್
ಎರಡಾಣೆ ಅಂದರೆ ಹನ್ನೆರಡೂವರೆ ಪೈಸೆ. ಅರ್ಧ ಪೈಸೆ ಯಾರು ಬಿಡ್ತಾರೆ? ಹದಿಮೂರು ಇಸ್ಕೊಂಡಿರ್ತಾನೆ.

ತೀನ್ ಕಂದೀಲ್
ರಾಯಚೂರಿನಿಂದ ನಮಸ್ಕಾರ. ನಿಮಗೆ ತೆಲುಗು ಬೋರ್ಡಿನ ತಲೆನೋವು, ನಮಗೆ ಉರ್ದು. ನಾವು ನಿಜಾಮರ ಕಡೆಯವರು, ಹಳೇ ಅಂಗಡಿ ಫೋಟೋಗಳಲ್ಲಿ ಬೋರ್ಡೆಲ್ಲಾ ಉರ್ದು. ದುಡ್ಡೂ ಬೇರೆ, ಹಾಲಿ ಸಿಕ್ಕಾ. ಹೊಳೆ ದಾಟಿದರೆ ನಿಮ್ಮ ರೂಪಾಯಿ. ಒಂದೇ ಜಿಲ್ಲೆ ದೂರದಲ್ಲಿ ಎರಡು ಸರ್ಕಾರ, ಎರಡು ನಾಣ್ಯ. ನಮ್ಮೂರ ತೀನ್ ಕಂದೀಲ್ ವೃತ್ತದ ಹಳೇ ಫೋಟೋ ಇದ್ದವರು ಯಾರಾದರೂ ಇದ್ದೀರಾ?

ಹೊಸಪೇಟೆ ಮಂದಿ
ಹೊಸ ಎಳೆ ಶುರು ಮಾಡ್ರಿ ರಾಯಚೂರಣ್ಣ, ಇಲ್ಲಿ ಬಳ್ಳಾರಿಯವರೇ ಕಚ್ಚಾಡ್ತಿದ್ದಾರೆ.

ಹಳೇ ಫೋಟೋ ಇಟ್ಟುಕೊಂಡು ಜಾಗ ಹುಡುಕೋದು ನಮ್ಮ ಕಡೆ ದೊಡ್ಡ ಮಟ್ಟದಲ್ಲಿ ನಡೆದಿದೆ. ಗ್ರೀನ್‌ಲಾ ಅನ್ನೋ ಸೈನ್ಯಾಧಿಕಾರಿ 1856ರಲ್ಲಿ ಹಂಪಿಯ ಫೋಟೋ ತೆಗೆದ. ಮೇಣ ಹಚ್ಚಿದ ಕಾಗದದ ನೆಗೆಟಿವ್ ಅವು, ಗಾಜಲ್ಲ. ನೂರು ವರ್ಷಕ್ಕೂ ಜಾಸ್ತಿ ಯಾರ ಕಣ್ಣಿಗೂ ಬೀಳದೆ ಇದ್ದು 1980ರ ಹೊತ್ತಿಗೆ ಬೆಳಕಿಗೆ ಬಂದವು. ಆಮೇಲೆ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಗೋಪುರ ಬಿತ್ತು, ಯಾವ ಕಂಬ ಹೋಯಿತು ಅಂತ ಬೆರಳಿಟ್ಟು ತೋರಿಸಬಹುದು. ನಿಮ್ಮ ಬೀದಿಗೂ ಅದೇ ಮಾಡಿ. ಫೋಟೋ ಹಿಡಿದುಕೊಂಡು ಹೋಗಿ ನಿಂತು ನೋಡಿ.

ಡಿಜಿಟಲ್ ದಾದಾ
ಗೆಳೆಯರೇ, ಫೋಟೋಗೆ ಎಐ ಆ್ಯಪ್‌ನಲ್ಲಿ ಬಣ್ಣ ಹಾಕಿ ಕೆಳಗೆ ಹಾಕಿದೀನಿ. ಸೂಪರಾಗಿ ಬಂದಿದೆ ನೋಡಿ. ಬಿರುಕೂ ಹೋಗಿದೆ.

ಅಲ್ಲೀಪುರ ಅಕ್ಕ
ಇದು ಬಳ್ಳಾರಿನಾ ತೀರ್ಥಹಳ್ಳಿನಾ? ಗುಡ್ಡ ಪೂರ್ತಿ ಹಸಿರು!

ಗುಡ್ಡದ ಕೆಳಗೆ
ಕೋಟೆ ಗೋಡೆನೂ ಹೋಗಿದೆ. ಅದನ್ನು ಬಿರುಕು ಅಂತ ತಿಳಿದು ಅಳಿಸಿದೆ. ಅದೇ ಒಂದು ಗೆರೆ ಮೇಲೆ ನಾವು ಇಷ್ಟು ಹೊತ್ತು ವಾದ ಮಾಡ್ತಿರೋದು. ಕಾಫಿ ಹೋಟೆಲ್ ಬೋರ್ಡಿನಲ್ಲಿ ಈಗ ಇರೋದು ಯಾವ ಭಾಷೆಯೂ ಅಲ್ಲ. ಜಟಕಾ ಕುದುರೆಗೆ ಕಾಲು ಎಷ್ಟಿದೆ ಎಣಿಸು.

ಡಿಜಿಟಲ್ ದಾದಾ
ಐದು 😅 ಆದರೂ ನೋಡೋಕೆ ಚೆಂದ ಇದೆಯಲ್ಲ ಸರ್. ಹೊಸ ಹುಡುಗರು ಕಪ್ಪು ಬಿಳುಪು ನೋಡಲ್ಲ.

ಗುಡ್ಡದ ಕೆಳಗೆ
ನಿನ್ನ ಮೊಬೈಲಲ್ಲಿ ಇಟ್ಟುಕೊಂಡು ನೋಡು, ಬೇಡ ಅನ್ನಲ್ಲ. ಎಲ್ಲರಿಗೂ ಕಾಣುವ ಕಡೆ ಹಾಕಬೇಡ. ನಾಳೆ ಇದೇ ಮೂಲ ಅಂತ ಓಡಾಡುತ್ತೆ.

ಕೌಲ್‌ಬಜಾರ್ ಮಾಮ
ಅದು ಬಿಡಿ, ಕಟ್ಟೆ ಮೇಲೆ ಒಬ್ಬ ಹೊಲಿಗೆ ಮಿಷಿನ್ ಇಟ್ಟುಕೊಂಡು ಕೂತಿದ್ದಾನೆ, ಯಾರೂ ನೋಡಲಿಲ್ಲವಾ? ಎಡಗಡೆ ಎರಡನೇ ಮನೆ. ಕಾಲ ಕೆಳಗೆ ತುಳಿಯೋ ಕಬ್ಬಿಣದ ಜಾಲರಿ ಕಾಣುತ್ತೆ. ಪಕ್ಕದಲ್ಲಿ ಬಟ್ಟೆ ಗಂಟು.

ನಮ್ಮಪ್ಪ ಇದೇ ಕೆಲಸ ಮಾಡಿದವರು. ದಂಡಿನವರಿಗೆ ಯೂನಿಫಾರ್ಮ್ ಹೊಲಿಯೋಕೆ ಬಂದ ದರ್ಜಿಗಳು ಬಳ್ಳಾರಿಯಲ್ಲೇ ಉಳಿದರು. ದಂಡು ಹೋಯಿತು, ಸೂಜಿ ಉಳಿಯಿತು. ಆಮೇಲೆ ಪ್ಯಾಂಟು, ಆಮೇಲೆ ಜೀನ್ಸ್. ಈಗ ದೇಶದ ಯಾವ ಸಂತೆಗೆ ಹೋದರೂ ಬಳ್ಳಾರಿ ಜೀನ್ಸ್ ಸಿಗುತ್ತೆ. ಜೀನ್ಸ್ ಕೆಲಸದಲ್ಲಿ ಒಬ್ಬರು ಕತ್ತರಿಸ್ತಾರೆ, ಒಬ್ಬರು ಜೇಬು ಹಾಕ್ತಾರೆ, ಒಬ್ಬರು ಬರೀ ಬೆಲ್ಟ್ ಪಟ್ಟಿ. ಮನೆ ಹೆಂಗಸರು ದಾರ ಕತ್ತರಿಸೋದು, ಗುಂಡಿ ಹಾಕೋದು. ಅಪ್ಪ ಇಡೀ ಪ್ಯಾಂಟು ಒಬ್ಬರೇ ಹೊಲಿಯೋರು. ನಮ್ಮಲ್ಲಿ ಅವರದ್ದು ಕೆಲಸ ಮಾಡ್ತಿರೋ ಫೋಟೋ ಒಂದೂ ಇಲ್ಲ. ಫೋಟೋ ಅಂದರೆ ಸ್ನಾನ ಮಾಡಿ, ಕೋಟು ಹಾಕಿ, ಸ್ಟುಡಿಯೋದಲ್ಲಿ ಸೀನರಿ ಪರದೆ ಮುಂದೆ ನಿಲ್ಲಬೇಕು ಅಂತ ಇತ್ತು. ಮಿಷಿನ್ ಮುಂದೆ ಕೂತದ್ದನ್ನು ಯಾರು ತೆಗೀತಾರೆ? ಆ ಮೂಲೆ ಮಾತ್ರ ದೊಡ್ಡದು ಮಾಡಿ ಕಳಿಸಪ್ಪ ಹುಡುಗ.

ಬ್ರೂಸ್‌ಪೇಟೆ ಹುಡುಗ
ಖಂಡಿತ ಮಾಮ. ಇವತ್ತೇ ಕಳಿಸ್ತೀನಿ.

ಮೋಕಾ ರೋಡ್
ನನ್ನದೊಂದು ಪ್ರಶ್ನೆ. ಎಲ್ಲರೂ 1960 ಅಂತೀರಿ. 2005ರ ಬಳ್ಳಾರಿ ಫೋಟೋ ಯಾರ ಹತ್ತಿರ ಇದೆ? ಅದಿರಿನ ಲಾರಿ ಸಾಲು, ಕೆಂಪು ಧೂಳು ಕೂತ ಬೇವಿನ ಮರ, ತಲೆ ಮೇಲೆ ಹೆಲಿಕಾಪ್ಟರ್. ಆಗ ಊರೇ ಕೆಂಪಾಗಿತ್ತು. ನಮ್ಮನೆ ಒಗೆದ ಬಟ್ಟೆಯನ್ನು ಒಳಗೇ ಒಣಗಿಸ್ತಿದ್ವಿ. ನಾನು ಆಗಿನ ಸಣ್ಣ ಡಿಜಿಟಲ್ ಕ್ಯಾಮೆರಾದಲ್ಲಿ ಬಹಳ ತೆಗೆದಿದ್ದೆ. ಸಿ.ಡಿ.ಗೆ ಹಾಕಿಸಿಟ್ಟೆ, ಈಗ ಅದು ಓದಲ್ಲ. ತಾತನ ಬಿಸ್ಕತ್ ಡಬ್ಬಿ ಅರವತ್ತು ವರ್ಷ ಉಳಿಯಿತು, ನನ್ನ ಸಿ.ಡಿ. ಇಪ್ಪತ್ತು ವರ್ಷ ಬಾಳಲಿಲ್ಲ.

ಅಲ್ಲೀಪುರ ಅಕ್ಕ
ನಿಜ ಕಣಪ್ಪ. ರಾಯಲ್ ಸರ್ಕಲ್ಲಿನ ಫೋಟೋ ಕೂಡ ನನ್ನ ಹತ್ತಿರ 80ರ ದಶಕದ್ದು ಇದೆ, ಆಮೇಲಿನದು ಇಲ್ಲ. ಹೆಸರು ಗಡಿಗಿ ಚೆನ್ನಪ್ಪ ವೃತ್ತ ಅಂತ ಇದ್ದರೂ ಆಟೋದವರಿಗೆ ರಾಯಲ್ ಅಂದರೆನೇ ಗೊತ್ತಾಗೋದು. ದುರ್ಗಮ್ಮನ ಸಿಡಿಬಂಡಿಯ ಫೋಟೋ ಮಾತ್ರ ಪ್ರತಿ ಮನೆಯಲ್ಲೂ ಇದೆ, ಎಲ್ಲದರಲ್ಲೂ ಜನರ ತಲೆ ಬಿಟ್ಟು ಇನ್ನೇನೂ ಕಾಣಲ್ಲ.

ಕ್ಯಾಮೆರಾ ಕಾಕಾ
ಡಬ್ಬಿಯ ವಿಷಯ ಒಂದು ಮಾತು. ಸೆಲ್ಲೋಟೇಪ್ ಮುಟ್ಟಿಸಬೇಡಿ. ಅಂಟು ಹಾಳೆಯ ಆಲ್ಬಂಗೆ ಹಾಕಬೇಡಿ, ಕೀಳೋಕೆ ಹೋದರೆ ಮುಖವೇ ಕಿತ್ತು ಬರುತ್ತೆ. ಹಿಂದೆ ಬರೆಯೋದಿದ್ದರೆ ಮೆತ್ತನೆ ಪೆನ್ಸಿಲ್, ಬಾಲ್ ಪೆನ್ ಬೇಡ. ತಾತ ಪೆನ್ಸಿಲ್ಲಿನಲ್ಲಿ ಬರೆದದ್ದಕ್ಕೇ ಇವತ್ತು ಓದೋಕಾಯಿತು. ಬಳ್ಳಾರಿಯ ಅಟ್ಟ ಅಂದರೆ ಬೇಸಿಗೆಯಲ್ಲಿ ಒಲೆ. ಕೆಳಗೆ ಇಳಿಸಿ ಬೀರುವಿನಲ್ಲಿ ಇಡಿ.

ಇನ್ನೊಂದು, ಯಾರಿಗೂ ಮೂಲ ಫೋಟೋ ಕೈಗೆ ಕೊಡಬೇಡಿ.

ಸಿರಿಗನ್ನಡ ಬಳ್ಳಾರಿ
ಕೊನೇ ಮಾತಿಗೆ ನನ್ನದೂ ಒಂದು ಓಟು. ಒಂದು ಪ್ರದರ್ಶನಕ್ಕೆ ಅಂತ ನಮ್ಮಪ್ಪ ತೆಗೆದ ಫೋಟೋಗಳ ಆಲ್ಬಂ ಇಸ್ಕೊಂಡು ಹೋದರು. ‘ವಾರದಲ್ಲಿ ಕೊಡ್ತೀವಿ ಸರ್’ ಅಂದಿದ್ದರು. ಆಲ್ಬಂ ಬರಲಿಲ್ಲ, ಶಾಲು ಹಾರ ಬಂತು. ಯಾರು ಅಂತ ಇಲ್ಲಿ ಹೇಳಲ್ಲ, ಓದ್ತಿದ್ದರೆ ಅವರಿಗೇ ಗೊತ್ತಾಗುತ್ತೆ.

ಬ್ರೂಸ್‌ಪೇಟೆ ಹುಡುಗ
ಹೋಗಿ ಬಂದೆ! ಬಿಸಿಲೇರೋ ಮುಂಚೆ ಪ್ರಿಂಟ್ ಹಿಡಿದುಕೊಂಡು ದೊಡ್ಡಪ್ಪನ ಜೊತೆ ಸ್ಕೂಟರಲ್ಲಿ ಹೊರಟೆ. ಮೊದಲು ಕೌಲ್ ಬಜಾರ್. ಅಲ್ಲಿಂದ ಗುಡ್ಡ ಇಷ್ಟು ಹತ್ತಿರ ಕಾಣೋದೇ ಇಲ್ಲ. ದೊಡ್ಡಪ್ಪ ‘ಕಟ್ಟಡ ಜಾಸ್ತಿ ಆಗಿವೆ’ ಅಂತ ವಾದ ಮಾಡಿದರು. ಟೀ ಕುಡಿದು ಕೋಟೆ ಕಡೆ ಬಂದ್ವಿ.

ತೇರು ಬೀದಿಯಲ್ಲೂ ಹೊಂದಲಿಲ್ಲ. ಗೋಡೆ ಬಾಗುವ ಜಾಗದ ಕೆಳಗೆ ಒಂದು ಓರೆ ಬಂಡೆ ಇದೆ, ಫೋಟೋದಲ್ಲಿ ಅದು ಗೋಡೆಯ ಎಡಕ್ಕೆ ಇದೆ, ಅಲ್ಲಿ ನಿಂತರೆ ಬಲಕ್ಕೆ ಕಾಣುತ್ತೆ. ಹಾಗೇ ಒಳಗಿನ ಸಂದಿಗಳಲ್ಲಿ ಸರಿದು ಸರಿದು ಬಂದ್ವಿ. ಬೆಂಗಳೂರು ರೋಡಿನಿಂದ ಒಳಗೆ ಹೋಗುವ ಒಂದು ಅಡ್ಡ ಬೀದಿಯಲ್ಲಿ ಬಂಡೆ, ಗೋಡೆ ಎರಡೂ ಫೋಟೋದಲ್ಲಿ ಇದ್ದ ಹಾಗೇ ಕೂತವು. ಮನೆಗಳ ಕಟ್ಟೆಯೆಲ್ಲ ಚರಂಡಿಗೆ ಹೋಗಿವೆ. ಹೋಟೆಲ್ ಇದ್ದ ಜಾಗದಲ್ಲಿ ಮೊಬೈಲ್ ಕವರ್ ಅಂಗಡಿ. ಎಡಗಡೆ ಮೂರನೇ ಮನೆಯ ಬಾಗಿಲ ಚೌಕಟ್ಟು ಮಾತ್ರ ಹಳೇದೇ, ಮೇಲೆ ಕೆತ್ತಿದ ಗಿಳಿ ಜೋಡಿ ಫೋಟೋದಲ್ಲೂ ಚುಕ್ಕೆಯಾಗಿ ಕಾಣುತ್ತೆ. ಬಣ್ಣದ ಮೇಲೆ ಬಣ್ಣ ಬಳಿದು ಗಿಳಿಗಳ ಕೊಕ್ಕು ಮುಚ್ಚಿಹೋಗಿದೆ.

ಆ ಮನೆಯಲ್ಲಿ ಒಬ್ಬ ವಯಸ್ಸಾದ ಅಮ್ಮ ಇದ್ದರು. ಫೋಟೋ ನೋಡಿ ಮೊದಲು ಕೇಳಿದ್ದು, ‘ಕಾರ್ಪೊರೇಷನ್‌ನಿಂದ ಬಂದ್ರೇನಪ್ಪ, ರಸ್ತೆ ಅಗಲ ಮಾಡ್ತೀರಾ?’ ನಮ್ಮ ತಾತನ ಹೆಸರು ಹೇಳಿದ ಮೇಲೆ ಒಳಗೆ ಕರೆದರು. ಮದುವೆಗೆ ಮುಂಚೆ ತಾತ ಇದೇ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದರಂತೆ. ಇದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ದೊಡ್ಡಪ್ಪನಿಗೂ.

ಅಲ್ಲೀಪುರ ಅಕ್ಕ
ಅಯ್ಯೋ ರೋಮಾಂಚನ ಆಯ್ತು. ಆ ಅಮ್ಮನಿಗೂ ಒಂದು ಪ್ರಿಂಟು ಹಾಕಿಸಿ ಕೊಡಪ್ಪ.

ಮಿರ್ಚಿ ಒಗ್ಗರಣೆ
ತೇರು ಬೀದಿಗೆ ಹತ್ತಿರವೇ ಆಯ್ತಲ್ಲ. ನಿಮ್ಮಮ್ಮನಿಗೆ, ನನಗೆ ಅರ್ಧ ಅರ್ಧ ಮಾರ್ಕು.

ಕೌಲ್‌ಬಜಾರ್ ಮಾಮ
ಅಡ್ಡ ಬೀದಿಗೆ ಮಾರ್ಕು ಇಲ್ಲ.

ರೈಲು ಹುಚ್ಚ
ಆ ಅಮ್ಮನ ಮನೆ ಅಟ್ಟದಲ್ಲಿ ಡಬ್ಬಿ ಏನಾದರೂ ಇದೆಯಾ ಕೇಳಿದೆಯಾ? 1921, ಸ್ಟೇಷನ್...

ತೀನ್ ಕಂದೀಲ್
ನಮ್ಮ ಬೀಗರ ವಾಟ್ಸಾಪ್ ಗ್ರೂಪಿಗೆ ಈಗಷ್ಟೇ ಇದೇ ಫೋಟೋ ಬಂತು. ಬಣ್ಣದ್ದು, ಐದು ಕಾಲಿನ ಕುದುರೆ. ಕೆಳಗೆ ಬರೆದಿದ್ದಾರೆ: ‘ಹುಬ್ಬಳ್ಳಿ, 1890. ಅಪರೂಪದ ಚಿತ್ರ.’

ಗುಡ್ಡದ ಕೆಳಗೆ
ದಾದಾ, ಎಲ್ಲಿದ್ದೀಯಪ್ಪ?